ಕೋದಂಡರಾಮಪ್ಪನವರ ಕಾಲ್ಗುಣ

ಘಟನೆಗಳ ಕ್ರಮ ಹೀಗಿದೆ. ಸೋಮವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮುರಳಿಮೋಹನ್ ತನ್ನ ವ್ಯಾನಿನ ಕೀಲಿಯನ್ನು ಮೊದಲ ಸಲ ತಿರುಗಿಸಿದ. ವ್ಯಾನು ‘ಟಿಕ್’ ಎಂದು ಸುಮ್ಮನಾಯಿತು. ಎಂಟು ಹನ್ನೊಂದಕ್ಕೆ ಎರಡನೆಯ ಸಲ ತಿರುಗಿಸಿದ. ಮತ್ತೆ ‘ಟಿಕ್’. ಎಂಟು ಹನ್ನೆರಡಕ್ಕೆ ಎದುರುಮನೆಯ ಶ್ಯಾಮಲಮ್ಮ ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಎಂಟು ಹದಿನೈದರ ಹೊತ್ತಿಗೆ, ವ್ಯಾನು ಸ್ಟಾರ್ಟ್ ಆಗಿಲ್ಲವೆಂಬ ಸುದ್ದಿ ತಿಳಿಯದ ಜೀವಿ ಮುಳಬಾಗಿಲಿನ ಆ ಬೀದಿಯಲ್ಲಿ ಒಂದೂ ಉಳಿದಿರಲಿಲ್ಲ.

ಈ ಕ್ರಮದಲ್ಲಿ ಅಸಹಜವಾದದ್ದು ಒಂದೇ ಒಂದು. ಮುರಳಿಮೋಹನ್ ಸಂತೋಷದಿಂದಿದ್ದ.

ಸಂತೋಷಕ್ಕೆ ಕಾರಣವಿತ್ತು. ಮೂರು ತಿಂಗಳ ಹಿಂದೆ ಅವನು ಈ ಹಳೆಯ ವ್ಯಾನನ್ನು ಕೋಲಾರದ ಬುಡನ್ ಸಾಬರಿಂದ ಕೊಂಡಿದ್ದ. ಬುಡನ್ ಸಾಬರದು ಹಳೆಯ ಗಾಡಿಗಳನ್ನು ಕೊಳ್ಳುವ, ಸರಿಮಾಡುವ, ಮಾರುವ ವ್ಯವಹಾರ. ಕೀಲಿ ಕೈಗಿಡುವಾಗ ಅವರು ಹೇಳಿದ್ದರು: "ಮೂರು ತಿಂಗ್ಳು ನನ್ ಜವಾಬ್ದಾರಿ ಸಾರ್. ಏನ್ ಖರಾಬಿ ಬಂದ್ರೂ ಫ್ರೀಯಾಗಿ ಮಾಡ್ಕೊಡ್ತೀನಿ. ಆದ್ರೆ ಖರಾಬಿ ನನ್ ಕಣ್ಣಿಗೆ ಕಾಣ್ಬೇಕು. ನಿನ್ನೆ ಹಿಂಗಾಗಿತ್ತು, ಮೊನ್ನೆ ಹಂಗಾಗಿತ್ತು ಅಂತ ಕತೆ ಹೇಳಿದ್ರೆ ನಾನು ಸ್ಪ್ಯಾನರ್ ಮುಟ್ಟಲ್ಲ. ಬೇರೆ ಮೆಕ್ಯಾನಿಕ್ ಒಂದು ಸ್ಕ್ರೂ ತಿರುಗ್ಸಿದ್ರೂ ನನ್ ಮಾತು ಖತಂ."

ವ್ಯಾನಿನ ರೋಗ ಬಂದುಹೋಗುವ ಜಾತಿಯದು. ಕೆಲವು ದಿನ ಕೀಲಿ ತಿರುಗಿಸಿದರೆ ಟಿಕ್ ಎಂದು ನಿಂತುಬಿಡುತ್ತಿತ್ತು. ಕೆಲವು ದಿನ ಏನೂ ಆಗದಂತೆ ಗುರುಗುಟ್ಟುತ್ತಿತ್ತು. ಮುರಳಿಮೋಹನ್ ಹೆಂಡತಿ ಸರಳಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸಲ ಬುಡನ್ ಸಾಬರ ಅಂಗಡಿಗೆ ಹೋಗಿದ್ದ. ಮೂರು ಸಲವೂ ಅವರ ಮುಂದೆ ವ್ಯಾನು, ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದ ಹುಡುಗಿಯಂತೆ, ತಲೆತಗ್ಗಿಸಿ ಮರ್ಯಾದೆಯಿಂದ ನಡೆದುಕೊಂಡಿತ್ತು. ಜವಾಬ್ದಾರಿಯ ಮೂರು ತಿಂಗಳು ಇವತ್ತಿನ ಸಂಜೆಗೆ, ಬುಡನ್ ಸಾಬರು ಷಟರ್ ಎಳೆಯುವ ಹೊತ್ತಿಗೆ ಮುಗಿಯುತ್ತಿತ್ತು. ಇವತ್ತು ವ್ಯಾನು ಕೆಟ್ಟಿದೆ. ಕೆಟ್ಟೇ ಇರಬೇಕು. ಅವನ ಸಂತೋಷ ಇದು.

ಇನ್ನು, ಕೋಲಾರದ ಮಣ್ಣು ಪರೀಕ್ಷಾ ಪ್ರಯೋಗಾಲಯದ ಸಾಧಾರಣ ನೌಕರನೊಬ್ಬ, ಮನೆಯ ಬಾಗಿಲಿಗೇ ಬಸ್ಸು ಬರುವಾಗ ವ್ಯಾನು ಕೊಂಡದ್ದೇಕೆ ಎಂಬ ಪ್ರಶ್ನೆ. ಉತ್ತರದ ಹೆಸರು ಕೋದಂಡರಾಮಪ್ಪ.

ಕೋದಂಡರಾಮಪ್ಪನವರು ಪಕ್ಕದ ಮನೆಯವರು. ಅದೇ ಕಚೇರಿಯ ಸೂಪರಿಂಟೆಂಡೆಂಟರು. ಆರು ವರ್ಷಗಳಿಂದ ಪ್ರತಿ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಎರಡು ಸೀಟು ಹಿಡಿಯುವುದು, ಒಂದರಲ್ಲಿ ಮುರಳಿಮೋಹನನನ್ನು ಕೂರಿಸುವುದು, ಕೋಲಾರ ಬರುವವರೆಗೆ ತಾಯಲೂರಿನ ತಮ್ಮ ಹುಣಸೆಮರದ ದಾವೆಯನ್ನು ಹೇಳುವುದು ಅವರ ಪದ್ಧತಿ. ಮರದ ಬುಡ ಇವರ ಹೊಲದಲ್ಲಿ, ಕೊಂಬೆಗಳು ದಾಯಾದಿಯ ಹೊಲದಲ್ಲಿ. ನಡುವೆ ಕಂಡಕ್ಟರು ಪಾಸ್ ಕೇಳಿದರೂ ಸಾಕು, ಕೋದಂಡರಾಮಪ್ಪನವರು ದಾವೆಯನ್ನು ಮತ್ತೆ ತಾತ ಬೀಜ ನೆಟ್ಟಲ್ಲಿಂದ ಶುರುಮಾಡುತ್ತಿದ್ದರು. ಆರು ವರ್ಷಗಳಲ್ಲಿ ಮರ ಒಮ್ಮೆಯೂ ಹೂ ಬಿಡುವ ಹಂತಕ್ಕೆ ಬಂದಿರಲಿಲ್ಲ. ಒಬ್ಬನೇ ಕೂತು, ಯಾರ ತಾತನ ವಿಷಯವನ್ನೂ ಕೇಳದೆ ಕೋಲಾರ ತಲುಪುವುದು: ವ್ಯಾನು ಕೊಳ್ಳುವಾಗ ಮುರಳಿಮೋಹನನಿಗೆ ಇದ್ದ ಗುರಿ ಅದೊಂದೇ. ವ್ಯಾನು ಸರಿಯಾಗದಿದ್ದರೆ ನಾಳೆಯಿಂದ ಮತ್ತೆ ಟವೆಲ್ ಹಾಸಿದ ಸೀಟು.

"ದೃಷ್ಟಿ ಕಣಪ್ಪ, ದೃಷ್ಟಿ," ಎಂದು ಶ್ಯಾಮಲಮ್ಮ ನಿಂಬೆಹಣ್ಣನ್ನು ವ್ಯಾನಿನ ಸುತ್ತ ಇಳಿಸಿ ಮುಂದಿನ ಚಕ್ರದಡಿ ಇಟ್ಟರು. "ಮೊನ್ನೆ ಆ ಮೂಲೆಮನೆಯವಳು ‘ಎಷ್ಟು ಬೆಳ್ಳಗೈತೆ ಗಾಡಿ’ ಅಂದ್ಲು. ಆವಾಗ್ಲೇ ಅಂದ್ಕೊಂಡೆ ನಾನು."

"ಅಮ್ಮಾ, ಇದು ವಿದ್ಯುತ್ ಸಂಪರ್ಕದ ತೊಂದರೆ. ದಯವಿಟ್ಟು ಯಾರೂ ಏನೂ ಮುಟ್ಟಬೇಡಿ. ಗಾಡಿ ಹೀಗೇ ಇರಲಿ."

"ಹೀಗೇ ಇರ್ಲಿ ಅಂದ್ರೇನೋ? ತಳ್ಳೋಣ ಬಾ," ಎಂದು ಬೀದಿಯವರು ಲುಂಗಿ ಎತ್ತಿಕಟ್ಟಿದರು. ಆ ಪ್ರಾಂತ್ಯದಲ್ಲಿ ನಿಂತ ಗಾಡಿಯನ್ನು ಕಂಡು ತಳ್ಳದೆ ಹೋಗುವವನಿಗೆ ಮದುವೆಮನೆಯಲ್ಲಿ ಊಟಕ್ಕೆ ಏಳದವನಷ್ಟೇ ಅಪಕೀರ್ತಿ. ಮುರಳಿಮೋಹನ್ ವ್ಯಾನಿನ ಹಿಂದೆ ಕೈಚಾಚಿ ಅಡ್ಡ ನಿಂತ. ಹಾಗೆ ನಿಂತೇ ಬುಡನ್ ಸಾಬರಿಗೆ ಫೋನ್ ಮಾಡಿದ.

"ಬುಡನ್ ಸಾಬ್, ಗಾಡಿ ಈಗ ಕೆಟ್ಟಿದೆ. ಈ ಕ್ಷಣ ಕೆಟ್ಟಿದೆ. ಬಂದು ನೋಡಿ."

"ಅರೆ ಸಾರ್, ಅಂಗಡಿ ಬಿಟ್ಟು ಮುಳಬಾಗಿಲಿಗೆ ಹೆಂಗ್ ಬರ್ಲಿ? ವಿಡಿಯೊ ಕಾಲ್ ಮಾಡಿ. ಅದ್ರಲ್ಲಿ ಕಂಡ್ರೂ ಕಂಡಂಗೇ."

ಇಷ್ಟು ಉದಾರವಾದ ಷರತ್ತನ್ನು ಮುರಳಿಮೋಹನ್ ನಿರೀಕ್ಷಿಸಿರಲಿಲ್ಲ. ಆದರೆ ಒಂದು ಕೈಯಲ್ಲಿ ಕೀಲಿ ತಿರುಗಿಸುತ್ತ, ಇನ್ನೊಂದರಲ್ಲಿ ಫೋನ್ ಹಿಡಿದು ಕೀಲಿಯನ್ನೂ ಮುಖವನ್ನೂ ಒಟ್ಟಿಗೆ ತೋರಿಸುವುದು ಕಷ್ಟವಾಯಿತು. ಅಷ್ಟರಲ್ಲಿ ಟಿಫಿನ್ ಡಬ್ಬಿ, ಕೊಡೆ, ಟವೆಲ್ ಸಮೇತ ಕೋದಂಡರಾಮಪ್ಪನವರು ಗೇಟು ದಾಟಿ ಬಂದರು.

"ಏನ್ಲಾ ಮುರಳಿ, ಕೈಕೊಡ್ತಾ? ಕೊಡು ಇಲ್ಲಿ ಫೋನು, ನಾನ್ ಹಿಡ್ಕೋತೀನಿ," ಎಂದವರೇ ಎಡಗಡೆಯ ಮುಂದಿನ ಬಾಗಿಲು ತೆರೆದು, ಸೀಟಿನಲ್ಲಿ ಧೊಪ್ಪನೆ ಕೂತರು. ಅವರದು ಎರಡು ರಾಗಿಮೂಟೆಗೆ ಷರ್ಟು ತೊಡಿಸಿದಂಥ ಶರೀರ. "ಹಾಂ ಸಾಬ್ರೇ, ಕಾಣ್ತಾ ಐತಾ? ಇದು ಕೀ. ಇದು ಮುರಳಿ. ತಿರುಗ್ಸೋ."

ಮುರಳಿಮೋಹನ್ ತಿರುಗಿಸಿದ. ವ್ಯಾನು ಗುರ್ರೆಂದು ಸ್ಟಾರ್ಟ್ ಆಯಿತು.

"ಸ್ಟಾರ್ಟ್ ಆಯ್ತಲ್ಲ ಸಾರ್," ಎಂದರು ಫೋನಿನೊಳಗಿನ ಬುಡನ್ ಸಾಬರು.

"ನೋಡ್ದಾ ನನ್ ನಿಂಬೆಹಣ್ಣು!" ಎಂದರು ಶ್ಯಾಮಲಮ್ಮ.

"ನಿಂಬೆಹಣ್ಣಲ್ಲಮ್ಮ, ನಾನು ಕಾಲಿಟ್ಟಿದ್ದು," ಎಂದರು ಕೋದಂಡರಾಮಪ್ಪನವರು. ಅವರಿಗೆ ಆ ಕ್ಷಣದಲ್ಲಿ ಏನೋ ಹೊಳೆದಂತಿತ್ತು. "ನಾನು ನಮ್ಮನೆಗೆ ಹುಟ್ಟಿ ಬಂದ ವರ್ಷವೇ ನಮ್ ಬಾವೀಲಿ ನೀರು ಬಿತ್ತಂತೆ. ನಮ್ಮಜ್ಜಿ ಹೇಳ್ತಿದ್ರು, ಈ ಹುಡುಗನ ಕಾಲ್ಗುಣ ದೊಡ್ದು ಅಂತ. ಸರಿ, ಹೊರಡು. ಎಂಟೂಕಾಲಿನ ಬಸ್ಸು ಹೋಯ್ತು. ನಾನೂ ಬರ್ತೀನಿ."

"ಸಾರ್, ನಾನು ಇವತ್ತು ಆಫೀಸಿಗೆ ಹೋಗ್ತಿಲ್ಲ. ರಜಾ ಹಾಕಿ ಬುಡನ್ ಸಾಬ್ ಹತ್ರ..."

"ನಾನೂ ಹಾಕ್ತೀನಿ ಕಣಯ್ಯ ರಜಾ. ಸಾಕ್ಷಿ ಬೇಕಲ್ಲ ನಿಂಗೆ? ಸಾಕ್ಷಿ ಇಲ್ದೆ ಏನಾಗತ್ತೆ ಅಂತ ನನ್ನನ್ನ ಕೇಳು. ನಮ್ ತಾತ ಬೀಜ ನೆಟ್ಟಾಗ ಒಬ್ಬ ಸಾಕ್ಷಿ ಇದ್ದಿದ್ರೆ..."

ವ್ಯಾನು ಹೆದ್ದಾರಿಗೆ ಇಳಿಯುವಷ್ಟರಲ್ಲಿ ತಾತ ಗುಂಡಿ ತೋಡಿಯಾಗಿತ್ತು.

ಮುರಳಿಮೋಹನನದು ಪದ್ಧತಿಯ ಮನಸ್ಸು. ದೋಷ ಬಂದುಹೋಗುತ್ತಿದೆ ಎಂದರೆ, ಬರುವಾಗ ಇದ್ದು ಹೋದಾಗ ಇಲ್ಲದ್ದು ಏನೋ ಒಂದಿರಬೇಕು. ಒಂದೊಂದನ್ನೇ ಬದಲಿಸಿ ನೋಡಬೇಕು. ಆದರೆ ಪ್ರಯೋಗಕ್ಕೆ ಮೌನ ಬೇಕು, ಮತ್ತು ಎಂಜಿನ್ ಆರದೆ ಕೋಲಾರ ತಲುಪಬೇಕು. ಎರಡೂ ಆಗಲಿಲ್ಲ. ವಡ್ಡಹಳ್ಳಿಯ ಟೊಮ್ಯಾಟೊ ಮಾರುಕಟ್ಟೆಯ ಹತ್ತಿರ ಕೋದಂಡರಾಮಪ್ಪನವರಿಗೆ ಟೀ ನೆನಪಾಯಿತು.

"ನೀವು ಕುಡಿದು ಬನ್ನಿ ಸಾರ್. ನಾನು ಎಂಜಿನ್ ಆನ್‌ನಲ್ಲೇ ಇಟ್ಕೊಂಡಿರ್ತೀನಿ."

"ಪೆಟ್ರೋಲ್ ಸುಮ್ನೆ ಉರೀತದಲ್ಲೋ, ಹುಚ್ಚಪ್ಪ," ಎಂದು ಅವರು ಹಿತೈಷಿಯ ಸಹಜತೆಯಿಂದ ಕೈಚಾಚಿ ಕೀಲಿಯನ್ನು ಆರಿಸಿ ಇಳಿದರು.

ಮುರಳಿಮೋಹನ್ ಕೀಲಿ ತಿರುಗಿಸಿದ. ಟಿಕ್. ದೀಪ ಹಾಕಿ ತಿರುಗಿಸಿದ. ಟಿಕ್. ಗೇರು ಬದಲಿಸಿ, ಬಾಗಿಲು ಮುಚ್ಚಿ, ಬಾಗಿಲು ತೆಗೆದು, ಉಸಿರು ಹಿಡಿದು ತಿರುಗಿಸಿದ. ಟಿಕ್, ಟಿಕ್, ಟಿಕ್. ಟೊಮ್ಯಾಟೊ ಕ್ರೇಟು ಹೊರುತ್ತಿದ್ದವರು ಹೊರೆ ಇಳಿಸಿ ಸುತ್ತ ನೆರೆದರು. ಕೋದಂಡರಾಮಪ್ಪನವರು ಟೀ ಲೋಟದೊಂದಿಗೇ ಗುಂಪನ್ನು ಸೀಳಿಕೊಂಡು ಬಂದು, ಬಲಗಾಲನ್ನು ಮೊದಲಿಟ್ಟು, ಎಡಗಡೆಯ ಸೀಟಿನಲ್ಲಿ ಕೂತರು.

"ಈಗ ತಿರುಗ್ಸು."

ಗುರ್ರ್.

ಗುಂಪಿನಲ್ಲಿ ಒಂದು ಮೆಚ್ಚುಗೆಯ ಅಲೆ ಎದ್ದಿತು. ಅವರು ಇಳಿದರು, ಮುರಳಿಮೋಹನ್ ಎಂಜಿನ್ ಆರಿಸಿ ಮತ್ತೆ ತಿರುಗಿಸಿದ, ಟಿಕ್. ಅವರು ಹತ್ತಿದರು, ಗುರ್ರ್. ಇಳಿದರು, ಟಿಕ್. ಹತ್ತಿದರು, ಗುರ್ರ್. ಪ್ರತಿ ಸಲವೂ ಅವರ ಏರಿಳಿತದಲ್ಲಿ ಗಾಂಭೀರ್ಯ ಹೆಚ್ಚುತ್ತ ಹೋಯಿತು. ನಾಲ್ಕನೆಯ ಸಲ ಚಪ್ಪಲಿಯನ್ನು ಹೊರಗೇ ಬಿಟ್ಟರು.

"ಏಮಿ ಕಾಲ್ಗುಣಂ ರಾ ನಾಯನಾ!" ಎಂದು ಗಡಿಯಾಚೆಯಿಂದ ಟೊಮ್ಯಾಟೊ ತಂದಿದ್ದ ರೈತನೊಬ್ಬ ತೆಲುಗಿನಲ್ಲಿ ಕೈಮುಗಿದ.

ಅಮರನಾಥ್ ಎಂಬ ಟೆಂಪೊ ಚಾಲಕ ಮುಂದೆ ಬಂದ. ಏರುದಾರಿ ಹತ್ತುವಾಗ ಬಿಸಿಯಾಗಿ ನಿಂತ ಅವನ ಎಂಜಿನ್ ಬೆಳಗಿನಿಂದ ಅಲುಗಿರಲಿಲ್ಲ. "ಸ್ವಾಮೀ, ನಮ್ ಗಾಡೀಲೂ ಒಂದ್ಸಲ ಕೂತ್ಕೊಂಡು ಹೋಗ್ಬೇಕು. ಲೋಡು ಪೂರಾ ಕೊಳೀತೈತೆ."

"ಅಯ್ಯೋ, ನನ್ ಕೈಲೇನಿದೆಯಪ್ಪ," ಎಂದು ಕೋದಂಡರಾಮಪ್ಪನವರು ಆಗಲೇ ನಡೆಯುತ್ತಿದ್ದರು. ಅವರು ಕೂತರು, ಟೆಂಪೊ ಸ್ಟಾರ್ಟ್ ಆಯಿತು. ಬೆಳಗಿನಿಂದ ನಿಂತಿದ್ದರಿಂದ ಅದರ ಎಂಜಿನ್ ತಣ್ಣಗಾಗಿತ್ತು, ಯಾರು ಕೂತಿದ್ದರೂ, ಕೂರದಿದ್ದರೂ ಸ್ಟಾರ್ಟ್ ಆಗುತ್ತಿತ್ತು ಎಂಬ ಅಂಶ ಮುರಳಿಮೋಹನನೊಬ್ಬನ ಗಮನಕ್ಕೆ ಬಂತು. ಅವನು ಅದನ್ನು ಗಟ್ಟಿಯಾಗಿಯೇ ಹೇಳಿದ. ಅಷ್ಟರಲ್ಲಿ ಅಮರನಾಥ್ ತೆಂಗಿನಕಾಯಿ ಒಡೆದಾಗಿತ್ತು.

ಮುಂದಿನ ಅರ್ಧ ಗಂಟೆಯಲ್ಲಿ ಕೋದಂಡರಾಮಪ್ಪನವರು ಎರಡು ಟ್ರ್ಯಾಕ್ಟರು, ಒಂದು ಆಟೊ, ಒಂದು ಮೊಪೆಡ್ ಮತ್ತು, ಮಾಲೀಕನ ಒತ್ತಾಯಕ್ಕೆ, ಕೆಟ್ಟ ಜನರೇಟರೊಂದರ ಮೇಲೆ ಕೂತರು. ಸ್ಟಾರ್ಟ್ ಆದವುಗಳ ಹೆಸರನ್ನು ಜನ ಕೂಗಿ ಹೇಳಿದರು. ಆಗದವುಗಳ ಮಾಲೀಕರಿಗೆ ಶನಿಕಾಟವಿದೆ ಎಂದು ತೀರ್ಮಾನವಾಯಿತು. ಯಾರೋ ಚೆಂಡುಹೂವಿನ ಹಾರ ತಂದರು.

ಮುರಳಿಮೋಹನ್ ಆ ಅರ್ಧ ಗಂಟೆಯನ್ನು ಬೇರೆಯದಕ್ಕೆ ಬಳಸಿದ. ಕೋದಂಡರಾಮಪ್ಪನವರಲ್ಲಿ ಇರುವ ಗುಣಗಳು ಯಾವುವು? ಮಾತು, ದಾವೆ, ತೂಕ. ಮೊದಲೆರಡಕ್ಕೂ ಸ್ಟಾರ್ಟರ್ ಮೋಟಾರಿಗೂ ಸಂಬಂಧವಿರಲಾರದು. ಅವನು ಒಂದು ಟೊಮ್ಯಾಟೊ ಕ್ರೇಟನ್ನು ಎತ್ತಿ ಎಡಗಡೆಯ ಸೀಟಿನ ಮೇಲಿಟ್ಟು ಕೀಲಿ ತಿರುಗಿಸಿದ. ಟಿಕ್. ಅದರ ಮೇಲೆ ಎರಡನೆಯದನ್ನಿಟ್ಟ. ಟಿಕ್. ಮೂರನೆಯದನ್ನಿಟ್ಟು, ಮೇಲಿನಿಂದ ಒಮ್ಮೆ ಅದುಮಿ ತಿರುಗಿಸಿದ.

ಗುರ್ರ್!

"ತೂಕ!" ಎಂದು ಅವನು ವ್ಯಾನಿನಿಂದ ಹೊರಗೆ ಹಾರಿ ಕೂಗಿದ. "ಕಾಲ್ಗುಣ ಅಲ್ಲ, ತೂಕ! ಎಡಗಡೆ ಸೀಟಿನ ಮೇಲೆ ತೂಕ ಬಿದ್ರೆ ಸ್ಟಾರ್ಟ್ ಆಗತ್ತೆ, ಖಾಲಿ ಇದ್ರೆ ಆಗಲ್ಲ! ಟೊಮ್ಯಾಟೊ ಇಟ್ರೂ ಸ್ಟಾರ್ಟ್ ಆಯ್ತು!"

ಗುಂಪು ಅವನತ್ತ ತಿರುಗಿ ಸ್ವಲ್ಪ ಹೊತ್ತು ಯೋಚಿಸಿತು.

"ಯಾರ್ದು ಆ ಟೊಮ್ಯಾಟೊ?" ಎಂದು ಒಬ್ಬ ಕೇಳಿದ.

"ನಂದು," ಎಂದ ತೆಲುಗಿನ ರೈತ, ಈ ಸಲ ಕನ್ನಡದಲ್ಲಿ.

"ಒಳ್ಳೇ ಕಾಲ್ಗುಣದ ಟೊಮ್ಯಾಟೊ ಕಣಪ್ಪ," ಎಂದು ಜನ ಅವನ ಲೋಡಿಗೆ ಮುಗಿಬಿದ್ದರು. ಅದುಮಿ ನಜ್ಜುಗುಜ್ಜಾಗಿದ್ದ ಮೇಲಿನ ಕ್ರೇಟು ಮಾತ್ರ ಮುರಳಿಮೋಹನನ ಪಾಲಿಗೇ ಬಂತು.

ಆದರೂ ಅವನ ಎದೆ ಹಗುರವಾಗಿತ್ತು. ರೋಗದ ಮೂಲ ಸಿಕ್ಕಿತ್ತು. ಇಷ್ಟು ದಿನ ಸರಳಾ ಪಕ್ಕದಲ್ಲಿ ಕೂತಿದ್ದರಿಂದಲೇ ಬುಡನ್ ಸಾಬರ ಮುಂದೆ ವ್ಯಾನು ಸತ್ಯ ಹೇಳಿರಲಿಲ್ಲ. ಇನ್ನು ಮಾಡಬೇಕಾದದ್ದು ಒಂದೇ: ಎಡಗಡೆಯ ಸೀಟನ್ನು ಖಾಲಿ ಇಟ್ಟು ಕೀಲಿ ತಿರುಗಿಸಿ ತೋರಿಸುವುದು. ಕೊರಳಲ್ಲಿ ಹಾರ, ಹಣೆಯಲ್ಲಿ ಕುಂಕುಮವಿದ್ದ ಕೋದಂಡರಾಮಪ್ಪನವರನ್ನು ಕೂರಿಸಿಕೊಂಡು ಅವನು ಕೋಲಾರದ ದಾರಿ ಹಿಡಿದ. ದಾವೆ ಮತ್ತೆ ಬೀಜದಿಂದ ಶುರುವಾಯಿತು. ಮುರಳಿಮೋಹನ್ ಅದನ್ನು, ಆಸ್ಪತ್ರೆಯಿಂದ ನಾಳೆ ಬಿಡುಗಡೆಯಾಗುವ ರೋಗಿ ಇವತ್ತಿನ ಗಂಜಿಯನ್ನು ಕುಡಿಯುವಂತೆ, ಸಹನೆಯಿಂದ ಕೇಳಿಸಿಕೊಂಡ.

ಬುಡನ್ ಸಾಬರ ಅಂಗಡಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿತ್ತು. ಮುಂದೆ ಐದಾರು ಹಳೆಯ ಕಾರುಗಳು, ಪಕ್ಕದಲ್ಲಿ ಒಂದು ಅಕ್ಕಿ ಮಂಡಿ. ಬುಡನ್ ಸಾಬರು ಹಳೆಯ ಗಾಡಿಯೊಂದನ್ನು ನೋಡಲು ಹೋಗಿದ್ದರು, ಅಲ್ಲಿಂದ ಹಾಗೇ ಊಟಕ್ಕೆ ಮನೆಗೆ. ಅವರು ತಿರುಗಿ ಬರುವಷ್ಟರಲ್ಲಿ ಬಿಸಿಲು ಅಂಗಡಿಯ ಒಳಗೋಡೆ ಏರಿತ್ತು. ಮುರಳಿಮೋಹನ್ ಎಲ್ಲವನ್ನೂ ವಿವರಿಸಿದ. ಅವರು ಗಡ್ಡ ಸವರಿಕೊಳ್ಳುತ್ತ ಕೊನೆಯವರೆಗೂ ಕೇಳಿದರು.

"ಸರಿ ಸಾರ್, ನೋಡೇಬಿಡೋಣ," ಎಂದು ಎಡಗಡೆಯ ಬಾಗಿಲು ತೆರೆದು ಹತ್ತಿ ಕೂತರು. "ತಿರುಗ್ಸಿ."

"ನೀವು ಇಳೀಬೇಕು ಬುಡನ್ ಸಾಬ್. ಸೀಟು ಖಾಲಿ ಇರಬೇಕು."

"ನಾನು ಇಳಿದ್ರೆ ನೋಡೋದ್ ಹೆಂಗೆ? ಗಾಡಿ ಪರೀಕ್ಷೆ ಅಂದ್ರೆ ಒಳಗೆ ಕೂತೇ ಮಾಡ್ಬೇಕು. ನಲವತ್ತು ವರ್ಷದಿಂದ ಹಂಗೇ ಮಾಡ್ತಿದೀನಿ. ತಿರುಗ್ಸಿ ಸಾರ್."

ಗುರ್ರ್.

"ಸ್ಟಾರ್ಟ್ ಆಯ್ತಲ್ಲ ಸಾರ್."

"ಅದೇ ನಾನು ಹೇಳ್ತಿರೋದು! ನೀವು ಕೂತಿರೋದ್ರಿಂದ ಆಯ್ತು."

"ನಾನು ಕೂತ್ರೆ ಆಗ್ತದೆ, ಸರಿ. ಇವ್ರು ಕೂತ್ರೂ ಆಗ್ತದೆ. ನಿಮ್ ಮನೆಯವ್ರು ಕೂತ್ರೂ ಆಗ್ತದೆ. ಟೊಮ್ಯಾಟೊ ಕೂತ್ರೂ ಆಗ್ತದೆ. ಮತ್ತೆ ಖರಾಬಿ ಎಲ್ಲೈತೆ ಸಾರ್? ನೀವು ಒಬ್ರೇ ಯಾಕ್ ಹೋಗ್ತೀರಿ?"

"ಚೆನ್ನಾಗ್ ಕೇಳಿದ್ರಿ ಸಾಬ್ರೇ," ಎಂದರು ಕೋದಂಡರಾಮಪ್ಪನವರು. "ನಾನೂ ಅದನ್ನೇ ಮೂರು ತಿಂಗಳಿಂದ ಕೇಳ್ತಾ ಇದೀನಿ."

ಮುರಳಿಮೋಹನ್ ಬುಡನ್ ಸಾಬರ ಕೈಹಿಡಿದು ಬೇಡಿದ. ಅವರು ಕೊನೆಗೂ ಇಳಿದು, ಬಾಗಿಲು ಮುಚ್ಚಿ, ಹೊರಗೆ ನಿಂತರು. ಸೀಟು ಖಾಲಿಯಾಯಿತು. ಮುರಳಿಮೋಹನ್ ಎಂಜಿನ್ ಆರಿಸಿ, ಕಣ್ಣುಮುಚ್ಚಿ, ಕೀಲಿ ತಿರುಗಿಸಿದ.

ಟಿಕ್.

ಮೂರು ತಿಂಗಳ ತಪಸ್ಸು ಫಲಿಸಿದ ಆ ಸದ್ದು ಬುಡನ್ ಸಾಬರ ಕಿವಿಗೆ ಬೀಳುವ ಮುನ್ನವೇ ಅಕ್ಕಿ ಮಂಡಿಯ ಹಮಾಲರ ಕಿವಿಗೆ ಬಿತ್ತು. ನಿಂತ ಗಾಡಿ! ಎಂಟು ಜನ ಮೂಟೆ ಬಿಸಾಡಿ ಓಡಿಬಂದರು. "ಎರಡ್ನೇ ಗೇರ್ ಹಾಕಿ ಸಾರ್! ಹೈಸಾ!" ಎಂಬ ಕೂಗಿನೊಂದಿಗೆ ವ್ಯಾನು ಮುಂದಕ್ಕೆ ಚಿಮ್ಮಿತು. ಬೆಚ್ಚಿದ ಮುರಳಿಮೋಹನನ ಕೈ ತಾನಾಗಿಯೇ ಗೇರು ಹಾಕಿತು, ಕಾಲು ಕ್ಲಚ್ಚಿನಿಂದ ಜಾರಿತು. ವ್ಯಾನು ಎರಡು ಸಲ ಬಿಕ್ಕಿ, ಗುರ್ರೆಂದು ಓಡಿ, ರಸ್ತೆಯ ಕೊನೆಯ ಬೀಡಾ ಅಂಗಡಿಯ ಮುಂದೆ ನಿಂತಿತು. ಹಮಾಲರು ಬೆವರು ಒರೆಸಿಕೊಂಡು, ಧನ್ಯವಾದಕ್ಕೂ ಕಾಯದೆ ಮೂಟೆಗಳ ಹತ್ತಿರ ನಡೆದರು.

ಬುಡನ್ ಸಾಬರು ದೂರದಿಂದಲೇ ಕೈಯೆತ್ತಿ ಕೂಗಿದರು: "ಸ್ಟಾರ್ಟ್ ಆಯ್ತಲ್ಲ ಸಾರ್!"

ಎರಡನೆಯ ಪ್ರಯತ್ನಕ್ಕೆ ಹಮಾಲರಿಗೆ ಮೊದಲೇ ವಿನಂತಿಸಿಕೊಳ್ಳಲಾಯಿತು. ಅವರು ಒಪ್ಪಿದರು. ಆದರೆ ಟಿಕ್ ಎಂದೊಡನೆ ದಾರಿಯಲ್ಲಿ ಹೋಗುತ್ತಿದ್ದ ಕಾಲೇಜು ಹುಡುಗರು ತಳ್ಳಿದರು. ಮೂರನೆಯ ಸಲ ಕಾಲೇಜು ಹುಡುಗರನ್ನೂ ತಡೆಯಲಾಯಿತು. ಒಬ್ಬ ಟ್ರಾಫಿಕ್ ಪೊಲೀಸು ಒಬ್ಬನೇ ತಳ್ಳಿದ. "ಸಾರ್ವಜನಿಕರಿಗೆ ಸಹಾಯ ಮಾಡೋದು ನಮ್ ಡ್ಯೂಟಿ," ಎಂದ. ಸೂರ್ಯ ನಿಲ್ದಾಣದ ಹಿಂದಕ್ಕೆ ಸರಿದಿದ್ದ. ಬುಡನ್ ಸಾಬರು ಷಟರಿನ ಕೊಕ್ಕೆಯನ್ನು ಹುಡುಕತೊಡಗಿದ್ದರು.

ನಾಲ್ಕನೆಯ ಸಲ ಮುರಳಿಮೋಹನ್ ಹಿಂದಿನ ಚಕ್ರಗಳಿಗೆ ಕಲ್ಲಿಟ್ಟ, ಮುಂದಿನವಕ್ಕೂ ಇಟ್ಟ. ವ್ಯಾನಿನ ಮೂತಿಯನ್ನು ಅಂಗಡಿಯ ಗೋಡೆಗೆ ತಾಗಿಸಿ ನಿಲ್ಲಿಸಿದ್ದ. ಹಮಾಲರು, ವಿದ್ಯಾರ್ಥಿಗಳು, ಪೊಲೀಸು ಎಲ್ಲರೂ ರಸ್ತೆಯಾಚೆ ಕೈಕಟ್ಟಿ ನಿಂತರು. ತಳ್ಳದೆ ನೋಡುವುದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಅವರ ಮುಖವೇ ಹೇಳುತ್ತಿತ್ತು. ಬುಡನ್ ಸಾಬರು ವ್ಯಾನಿನ ಹೊರಗೆ, ಕಿಟಕಿಗೆ ಕಿವಿಗೊಟ್ಟು ನಿಂತರು.

ಟಿಕ್.

"ಇನ್ನೊಂದ್ಸಲ."

ಟಿಕ್.

ಬುಡನ್ ಸಾಬರು ನಿಧಾನವಾಗಿ ನೆಟ್ಟಗಾದರು.

"ಖರಾಬಿ ಐತೆ," ಎಂದರು. "ಕಂಡೆ. ಲೇ ಫರ್ಹಾದ್! ಸೀಟ್ ಎತ್ತಿ ನೋಡು."

ಮುರಳಿಮೋಹನನ ಕಣ್ಣಲ್ಲಿ ನೀರು ಬಂತು. ಹಮಾಲರಲ್ಲಿ ಒಬ್ಬ ಅವನ ಬೆನ್ನು ತಟ್ಟಿದ.

ಅಂಗಡಿಯ ಎಲೆಕ್ಟ್ರಿಷಿಯನ್ ಫರ್ಹಾದ್ ಎಡಗಡೆಯ ಸೀಟನ್ನು ಎತ್ತಿದ. ಆ ವ್ಯಾನಿನಲ್ಲಿ ಬ್ಯಾಟರಿ ಇರುವುದೇ ಆ ಸೀಟಿನ ಅಡಿಯಲ್ಲಿ. ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಅರ್ಥ್ ವೈರು ತುಕ್ಕು ಹಿಡಿದು, ಎರಡೇ ಎಳೆಗಳಲ್ಲಿ ಜೋತಾಡುತ್ತಿತ್ತು.

"ನೋಡಿ ಸಾರ್," ಎಂದ ಫರ್ಹಾದ್. "ಟಿಕ್ ಅನ್ಸೋಕೆ ಈ ಎರಡು ಎಳೆ ಸಾಕು, ಮೋಟಾರ್ ತಿರುಗ್ಸೋಕೆ ಸಾಲ್ದು. ಯಾರಾದ್ರೂ ಕೂತ್ರೆ ಸೀಟಿನ ಕಬ್ಬಿಣ ಕೆಳಗಿಳಿದು ಟರ್ಮಿನಲ್‌ಗೆ ತಾಗ್ತದೆ. ಅದೇ ಅರ್ಥ್ ವೈರ್ ಆಗ್ಬಿಡ್ತದೆ."

"ನಾನು ಹೇಳಿದ ಹಾಗೇ!" ಎಂದ ಮುರಳಿಮೋಹನ್.

"ನಾನ್ ಹೇಳಿದಂಗೇ," ಎಂದರು ಕೋದಂಡರಾಮಪ್ಪನವರು. "ಒಟ್ನಲ್ಲಿ ಯಾರಾದ್ರೂ ಕೂರ್ಬೇಕು."

ಫರ್ಹಾದ್ ಹೊಸ ವೈರು ಹಾಕಿ, ಬಿಗಿಮಾಡಿ, ಸೀಟು ಕೂರಿಸಿದ. ಮುರಳಿಮೋಹನ್ ಒಬ್ಬನೇ ಹತ್ತಿ ಕೀಲಿ ತಿರುಗಿಸಿದ. ಗುರ್ರ್. ಆರಿಸಿ ತಿರುಗಿಸಿದ. ಗುರ್ರ್. ಖಾಲಿ ಸೀಟನ್ನು ನೋಡುತ್ತ, ನಗುತ್ತ, ಮತ್ತೆ ಮತ್ತೆ ತಿರುಗಿಸಿದ. ಆ ಖಾಲಿತನ ಅವನಿಗೆ, ಕೋಡಿ ಬಿದ್ದ ಕೆರೆಯಂತೆ, ತುಂಬಿ ಕಂಡಿತು.

ಕೋದಂಡರಾಮಪ್ಪನವರು ಹಾರವನ್ನು ಸರಿಮಾಡಿಕೊಂಡು ಬಾಗಿಲ ಹತ್ತಿರ ಬಂದರು.

"ಪಕ್ಕಾ ಆಯ್ತು ಬಿಡು. ಇನ್ನು ನಡುದಾರೀಲಿ ನಿಲ್ಲೋ ಭಯ ಇಲ್ಲ. ನಾಳೆಯಿಂದ ಬಸ್ಸಿನ ಸಹವಾಸ ಯಾಕೆ ಬೇಕು? ನಿನ್ ಜೊತೇನೇ ಬರ್ತೀನಿ ಕಣೋ. ನಿಂಗೂ ಬೇಜಾರಾಗಲ್ಲ." ಅವರ ಕೈ ಎಡಗಡೆಯ ಬಾಗಿಲಿನ ಹಿಡಿಕೆಯ ಮೇಲಿತ್ತು.

ಮುರಳಿಮೋಹನ್ ಅಲ್ಲಿಯವರೆಗಿನ ಬಾಳಿನಲ್ಲಿ ಅಳೆಯದ ಮಣ್ಣಿಗೆ ಅಂಕಿ ಬರೆದವನಲ್ಲ. ಕಾಣದ್ದನ್ನು ಕಂಡೆನೆಂದವನಲ್ಲ. ಆದರೆ ಆ ಹಿಡಿಕೆ ಅರ್ಧ ತಿರುಗಿದ್ದನ್ನು ಕಂಡಾಗ ಅವನ ಬಾಯಿಂದ ಮೊದಲ ಸುಳ್ಳು ತಾನಾಗಿ ಹೊರಟಿತು.

"ಸಾರ್, ಬೇಡಿ! ಅಲ್ಲಿ ಕೂರಬೇಡಿ. ಫರ್ಹಾದ್ ಹೇಳಿದಾನೆ. ಹೊಸ ವೈರು, ಕೆಳಗೇ ಬ್ಯಾಟರಿ... ಇನ್ನು ಮುಂದೆ ಆ ಸೀಟಿನ ಮೇಲೆ ಯಾರೂ ಕೂರೋ ಹಾಗೇ ಇಲ್ಲವಂತೆ. ಮೈಗೆಲ್ಲ ಕರೆಂಟ್ ಹೊಡೆಯುತ್ತೆ."

ಕೋದಂಡರಾಮಪ್ಪನವರು ಹಿಡಿಕೆಯನ್ನು ಕೆಂಡದಂತೆ ಬಿಟ್ಟರು. "ಹೌದಾ? ಯಾವತ್ತೂನಾ?"

"ಯಾವತ್ತೂ, ಸಾರ್. ನಿಮ್ಮನ್ನ ಕರ್ಕೊಂಡ್ ಹೋಗಬೇಕು ಅಂತ ನಂಗೆಷ್ಟು ಆಸೆ ಇತ್ತು. ಆದ್ರೆ ನಿಮ್ ಜೀವ ದೊಡ್ಡದು."

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆರು ವರ್ಷಗಳಲ್ಲಿ ಅವರು ಸುಮ್ಮನಿದ್ದದ್ದನ್ನು ಮುರಳಿಮೋಹನ್ ನೋಡಿದ್ದು ಅದೇ ಮೊದಲು. ಆಮೇಲೆ ಅವರು ಜೇಬಿನಿಂದ ಫೋನ್ ತೆಗೆದು, ಏನೋ ಗುನುಗುತ್ತ, ಬಸ್ ನಿಲ್ದಾಣದ ಕಡೆಗೆ ನಡೆದರು. ತಿರುವಿನಲ್ಲಿ ಚೆಂಡುಹೂವಿನ ಹಾರ ಮರೆಯಾಯಿತು.

ಬುಡನ್ ಸಾಬರು ಷಟರ್ ಎಳೆಯುವ ಮೊದಲು ಒಂದು ಚಾ ಕುಡಿಯಲೇಬೇಕೆಂದು ಒಳಗೆ ಕರೆದರು. ಮುರಳಿಮೋಹನ್ ಹೋದ. ಅಂಥ ಚಾ ಅವನು ಹಿಂದೆಂದೂ ಕುಡಿದಿರಲಿಲ್ಲ. ಏಲಕ್ಕಿ, ಶುಂಠಿ, ಮತ್ತು ನಾಳೆ ಬೆಳಗಿನ ಮೌನ ಅದರಲ್ಲಿ ಸಮಪ್ರಮಾಣದಲ್ಲಿ ಬೆರೆತಿದ್ದವು. ಎರಡನೆಯ ಲೋಟವನ್ನೂ ಕೇಳಿ ಕುಡಿದ.

ಹೊರಗೆ ಬಂದಾಗ ವ್ಯಾನಿನ ಹಿಂಬದಿಯ ಬಾಗಿಲು ತೆರೆದಿತ್ತು. ಒಳಗೆ, ಎದುರುಬದುರಾಗಿದ್ದ, ಇಬ್ಬಿಬ್ಬರು ಕೂರುವ ಹಿಂದಿನ ಎರಡು ಉದ್ದ ಸೀಟುಗಳಲ್ಲಿ, ಕೋದಂಡರಾಮಪ್ಪನವರೂ, ದಿನವೂ ಅದೇ ಸಂಜೆ ಬಸ್ಸಿನಲ್ಲಿ ಮುಳಬಾಗಿಲಿಗೆ ಮರಳುವ ಇನ್ನೂ ಮೂವರೂ ಕೂತಿದ್ದರು. ಅವರಲ್ಲಿ ಖಜಾನೆ ಕಚೇರಿಯ ಗೋಪಿ ಎಂಬವನು, ತನ್ನ ಮಂಡಿನೋವಿಗೆ ಮದ್ದು ಕೊಟ್ಟ ನಾಲ್ವರು ವೈದ್ಯರ ವಿಷಯವನ್ನು ಹೇಳಲು ಆಗಲೇ ಆರಂಭಿಸಿದ್ದ.

"ಬಾ ಮುರಳಿ, ಬಾ," ಎಂದರು ಕೋದಂಡರಾಮಪ್ಪನವರು. "ಮುಂದಿನ ಸೀಟಿಗಲ್ವೇನೋ ಕರೆಂಟು? ಹಿಂದೆ ನಾಲ್ಕು ಸೀಟು ಸುಮ್ನೆ ಖಾಲಿ ಹೋಗ್ತಾವಲ್ಲ ಅಂತ ಇವ್ರನ್ನೆಲ್ಲ ಕರೆದೆ. ಬಸ್ ಪಾಸ್ ಇನ್ನು ಮಾಡ್ಸಲ್ಲ ಅಂತ ಎಲ್ರೂ ತೀರ್ಮಾನ ಮಾಡಿದೀವಿ. ಎದುರುಬದುರು ಕೂತು ಮಾತಾಡೋಕೆ ಎಷ್ಟು ಅನುಕೂಲ ನೋಡು. ನೀನು ಮುಂದೆ ಒಬ್ನೇ ಆರಾಮಾಗಿ ಓಡ್ಸಪ್ಪ."

"ನಮಸ್ಕಾರ ಸಾರ್," ಎಂದ ಗೋಪಿ. "ಬೆಳಿಗ್ಗೆ ಎಷ್ಟೊತ್ತಿಗೆ ನಮ್ಮನೆ ಬಾಗಿಲ ಹತ್ರ ಬರ್ತೀರಾ?"

ಮುರಳಿಮೋಹನ್ ರಸ್ತೆಯಾಚೆ ನೋಡಿದ. ಹಮಾಲರು ತಳ್ಳಲು ಸಿದ್ಧರಾಗಿ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಚಾಲಕನ ಸೀಟಿನಲ್ಲಿ ಕೂತು, ಹಿಂದೆಂದೂ ಮಾಡದಷ್ಟು ಶ್ರದ್ಧೆಯಿಂದ ಒಂದು ‘ಟಿಕ್’ ಸದ್ದಿಗಾಗಿ ಪ್ರಾರ್ಥಿಸಿ, ಕೀಲಿ ತಿರುಗಿಸಿದ.

ಎಡಗಡೆಯ ಮುಂದಿನ ಸೀಟು ಖಾಲಿ ಇದ್ದು, ಹಿಂದೆ ನಾಲ್ವರು ಕೂತಿದ್ದಾಗ, ವ್ಯಾನು ಮೊದಲ ತಿರುವಿಗೇ ಸ್ಟಾರ್ಟ್ ಆಯಿತು.